ನೂರ ಹದಿನೆಂಟು ಗ್ರಾಮಿನ ಫಿಲ್ಟರ್

ನನ್ನ ಗಂಡನಿಗೆ ಭಾರ ಕಂಡರೆ ಆಗುವುದಿಲ್ಲ. ಮನೆಯ ಭಾರದ ಮಾತಲ್ಲ. ಗುಜರಾತಿನ ಮಣಿನಗರ ಸ್ಟೇಷನ್ ಎದುರಿನ ಗಲ್ಲಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೋಟೆಲು ನಡೆಸುತ್ತಿದ್ದಾರೆ, ಅಕ್ಕಿ ಮೂಟೆಯನ್ನು ಇವತ್ತಿಗೂ ಸ್ವತಃ ಇಳಿಸುತ್ತಾರೆ. ಬೆನ್ನಿಗೆ ಚೀಲ ಹಾಕಿಕೊಂಡು ಕಾಡು ಸುತ್ತುವವರ ಚೀಲದೊಳಗಿನ ಭಾರ ಮಾತ್ರ ಅವರಿಗೆ ಸಹಿಸಲಾಗುವುದಿಲ್ಲ. ಕಾಡಿನಲ್ಲಿ ನೀರು ಸೋಸುವ ಫಿಲ್ಟರ್ ಅಂಗಡಿಯಿಂದ ಬರುವಾಗ ಚೀಲ, ನಳಿಗೆ ಎಲ್ಲ ಸೇರಿ ಮುನ್ನೂರು ಗ್ರಾಂ ತೂಗುತ್ತದೆ. ಇವರು ಅದನ್ನು ಸಾಂಬಾರುಪುಡಿ ತೂಗುವ ತಕ್ಕಡಿಯ ಮೇಲಿಟ್ಟು, ಕನ್ನಡಕ ಹಣೆಗೇರಿಸಿ, ಬಾಕಿ ಇಟ್ಟು ಓಡಿಹೋದ ಗಿರಾಕಿಯನ್ನು ನೋಡುವಂತೆ ನೋಡುತ್ತಾರೆ. ಆಮೇಲೆ ಕತ್ತರಿ ಕೈಗೆತ್ತಿಕೊಳ್ಳುತ್ತಾರೆ.

ಅದರ ರಚನೆ ಸುಲಭ. ಮೇಲೊಂದು ಚೀಲ, ಅದರಲ್ಲಿ ಹೊಳೆಯ ನೀರು, ಅದನ್ನು ಮರದ ಕೊಂಬೆಗೆ ತೂಗಹಾಕುವುದು. ಚೀಲದ ತಳದಿಂದ ಒಂದು ನಳಿಗೆ ಇಳಿಯುತ್ತದೆ, ನಡುವೆ ಹೆಬ್ಬೆರಳಿಗಿಂತ ತುಸು ದಪ್ಪದ ಫಿಲ್ಟರ್, ಕೆಳಗೆ ಕುಡಿಯುವ ನೀರಿನ ಬಾಟಲಿ. ನೀರು ತನ್ನ ಭಾರಕ್ಕೇ ಇಳಿಯುತ್ತದೆ. ಇವರು ದಪ್ಪ ನಳಿಗೆ ಕಿತ್ತು ಸಪೂರದ್ದು ಹಾಕುತ್ತಾರೆ. ಪ್ಲಾಸ್ಟಿಕ್ ಕೊಕ್ಕೆ ಬಿಸಾಡಿ, ಉತ್ತರಾಯಣದ ಗಾಳಿಪಟದ ದಾರವನ್ನು ಎಂಟು ಎಳೆ ಹೊಸೆದು ಕುಣಿಕೆ ಮಾಡುತ್ತಾರೆ. ಸ್ಕೂಟರಿನ ಕವರು ಹೊಲಿಯುವ ದರ್ಜಿಯಿಂದ ತೆಳು ಡೇರೆ ಬಟ್ಟೆಯ ಚೀಲ ಹೊಲಿಸುತ್ತಾರೆ. ಕೊನೆಗೆ ತಕ್ಕಡಿ ನೂರ ಹದಿನೆಂಟು ತೋರಿಸಿದ ದಿನ ನನಗೂ ಒಂದು ಕಪ್ ಕಾಫಿ ಅವರೇ ತಂದುಕೊಟ್ಟಿದ್ದರು.

ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಎರಡು ವರ್ಷದ ಕೆಳಗೆ ಮಗಳು ವಿಂಧ್ಯಾ ವಡೋದರಾದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ಟೈಫಾಯ್ಡ್ ಬಂತು. ಸಾದಾ ಜ್ವರ ಎಂದು ಮಾತ್ರೆ ನುಂಗಿಕೊಂಡು ಪರೀಕ್ಷೆ ಬರೆದಳು, ನಮಗೆ ಹೇಳಲಿಲ್ಲ. ನಾವು ಹೋಗಿ ಮುಟ್ಟುವಾಗ ಕರುಳು ತೂತಾಗಿತ್ತು. ಆಪರೇಷನ್ ಆಯಿತು. ಇಪ್ಪತ್ತಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರು. ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೇಳಿಕೊಳ್ಳುತ್ತಿದ್ದೆ, ಇವರು ಕಂಬಕ್ಕೆ ತೂಗಹಾಕಿದ ಗ್ಲೂಕೋಸ್ ಬಾಟಲಿಯನ್ನೇ ನೋಡುತ್ತಿದ್ದರು. ಮೇಲಿನಿಂದ ಕೆಳಗೆ ಒಂದೊಂದೇ ಹನಿ. ಬಿಡುಗಡೆಯ ದಿನ ಡಾಕ್ಟರು ನನ್ನನ್ನು ಬದಿಗೆ ಕರೆದು, ನೀರಿನ ವಿಷಯದಲ್ಲಿ ಜಾಗ್ರತೆ, ಇನ್ನೊಮ್ಮೆ ಇದೇ ಬಂದರೆ ಈ ಕರುಳು ತಡೆಯುತ್ತದೆಂದು ನಾನು ಮಾತು ಕೊಡಲಾರೆ ಎಂದರು. ಆ ಮಾತು ಆವತ್ತಿನಿಂದ ನನ್ನ ಎದೆಯೊಳಗೇ ಕೂತಿದೆ.

ಮಗಳಿಗೋ ಕಾಡು ಸುತ್ತುವ ಚಟ. ಓದು ಮುಗಿದು ಸೂರತ್ತಿನ ಹಜೀರಾದಲ್ಲಿ ಕೆಲಸ ಸಿಕ್ಕಿತು, ಸಂಬಳದ ಜೊತೆಗೆ ಗೆಳೆಯರ ಒಂದು ಗುಂಪೂ ಸಿಕ್ಕಿತು. ಬೇಡ ಎಂದು ನಾನು ಜಗಳಾಡಿದೆ, ಊಟ ಬಿಟ್ಟೆ. ಇವರು ಜಗಳಾಡಲಿಲ್ಲ, ಫಿಲ್ಟರ್ ಮಾಡಿಕೊಟ್ಟರು. ಅದರ ನಳಿಗೆಗೆ ಗ್ಲೂಕೋಸ್ ನಳಿಗೆಯಲ್ಲಿರುವಂಥ ಉರುಳುವ ಚಕ್ರ ಹಾಕಿದ್ದರು, ನೀರು ಹೆಚ್ಚು ಕಡಿಮೆ ಮಾಡಲಿಕ್ಕೆ. ಅದನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು.

ಮೊನ್ನೆ ಹೋಳಿ ಹಬ್ಬಕ್ಕೆ ವಿಂಧ್ಯಾ ಮನೆಗೆ ಬಂದಿದ್ದಳು. ಶುಕ್ರವಾರ ಬಣ್ಣ ಎರಚುವ ಧುಳೇಟಿ, ಮೇಲೆ ಶನಿವಾರ, ಭಾನುವಾರ. ಶುಕ್ರವಾರ ಮಧ್ಯಾಹ್ನದ ಗಾಡಿಗೆ ಸೂರತ್ತಿಗೆ ಹೋಗಿ, ಶನಿವಾರ ನಸುಕಿಗೆ ಐದು ಮಂದಿ ಜೀಪಿನಲ್ಲಿ ಡಾಂಗ್ ಕಾಡಿಗೆ ಹೊರಡುವುದೆಂದು ಅವರ ಲೆಕ್ಕ. ಗುರುವಾರ ಸಂಜೆ ಇವರು ಅವಳ ಫಿಲ್ಟರಿಗೆ ನೀರು ತುಂಬಿಸಿ, ಗಡಿಯಾರ ಹಿಡಿದು, ಒಂದು ಲೀಟರಿಗೆ ನಾಲ್ಕು ನಿಮಿಷ ಎಂದು ಬರೆದುಕೊಂಡರು. ಅಷ್ಟರಲ್ಲಿ ಗಲ್ಲಿಯವರು ಹೋಳಿ ಬೆಂಕಿಗೆ ಕರೆದರು. ಹೋಗುವಾಗ ನನ್ನ ಕೈಗೆ ಫಿಲ್ಟರ್ ಕೊಟ್ಟು, "ಒದ್ದೆ ಉಂಟು, ವಾಸನೆ ಹಿಡಿಯದ ಹಾಗೆ ಇಡು," ಎಂದರು. ಅಷ್ಟೇ ಹೇಳಿದ್ದು.

ನಮ್ಮ ಅಡುಗೆಮನೆಯಲ್ಲಿ ಒಂದು ಕ್ರಮವಿದೆ. ಕಾಯಿಹಾಲು ಸೋಸುವ ಬಟ್ಟೆಯನ್ನು ಎಷ್ಟು ತೊಳೆದರೂ ಕಾಯಿಯ ಜಿಡ್ಡು ಪೂರ್ತಿ ಬಿಡುವುದಿಲ್ಲ, ಈ ಊರಿನ ಸೆಕೆಗೆ ಬೆಳಗಾಗುವುದರೊಳಗೆ ಕಮಟು ಹೊಡೆಯುತ್ತದೆ. ಅದಕ್ಕೆ ರಾತ್ರಿ ಅದನ್ನು ಹಿಂಡಿ, ಡಬ್ಬಿಯಲ್ಲಿ ಹಾಕಿ, ಫ್ರೀಜರಿನಲ್ಲಿಡುತ್ತೇವೆ. ಬೆಳಿಗ್ಗೆ ತೆಗೆದು ಬಿಸಿನೀರಿಗೆ ಹಾಕಿದರೆ ಹೊಸದರ ಹಾಗೆ. ಅತ್ತೆಯವರು ಕಲಿಸಿದ ಕ್ರಮ. ನನಗೆ ಫಿಲ್ಟರೆಂದರೂ ಒಂದೇ, ಸೋಸುವ ಬಟ್ಟೆಯೆಂದರೂ ಒಂದೇ. ಅದೇ ಡಬ್ಬಿಯಲ್ಲಿ ಬಟ್ಟೆಯ ಮೇಲೆ ಫಿಲ್ಟರನ್ನೂ ಇಟ್ಟೆ. ಬೆಳಿಗ್ಗೆ ತೆಗೆದು ಕಿಟಕಿಯ ಬಿಸಿಲಿಗಿಟ್ಟೆ, ನೀರು ಸೋರಿ ಹೋಯಿತು, ಒರೆಸಿ ಅವಳ ಚೀಲಕ್ಕೆ ನಾನೇ ತುಂಬಿಸಿದೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ತಿಂಡಿಯ ಗಲಾಟೆ ಇಳಿದಿತ್ತು. ನವರಂಗಪುರದ ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಅಜಯ್ ಎನ್ನುವ ಹುಬ್ಬಳ್ಳಿಯ ಹುಡುಗ ಇವರಿಂದ ಹಗುರ ಮಾಡಿಸಿದ ತನ್ನ ಫಿಲ್ಟರ್ ಒಯ್ಯಲು ಬಂದಿದ್ದ. ಮೇ ತಿಂಗಳಲ್ಲಿ ಹಿಮಾಲಯಕ್ಕೆ ಹೋಗುವವನು. ಇವರು ಗಲ್ಲಾದ ಹಿಂದಿನಿಂದ ಪಾಠ ಮಾಡುತ್ತಿದ್ದರು, ನಾನು ಒಳಬಾಗಿಲ ಹತ್ತಿರ ಬೀನ್ಸಿನ ನಾರು ತೆಗೆಯುತ್ತಿದ್ದೆ.

"ಒಂದು ನೆನಪಿಟ್ಟುಕೊಳ್ಳಿ," ಇವರು ಹೇಳುತ್ತಿದ್ದರು. "ಒಮ್ಮೆ ಒದ್ದೆಯಾದ ಮೇಲೆ ಇದು ಹೆಪ್ಪುಗಟ್ಟಬಾರದು. ಅಲ್ಲಿ ಚಳಿಯಲ್ಲಿ ರಾತ್ರಿ ಇದನ್ನು ಬನಿಯನಿನೊಳಗೆ ಹಾಕಿಕೊಂಡು ಮಲಗಿ."

"ಹೆಪ್ಪುಗಟ್ಟಿದ್ರ ಏನ್ ಆಗ್ತದ್ರಿ? ಕರಗಿಸಿದ್ರ ಆತಲ್ಲ?"

"ಆಗುದಿಲ್ಲ ಮಾರಾಯ್ರೇ. ಒಳಗೆ ಶಾವಿಗೆಯ ಹಾಗಿನ ಸಾವಿರಾರು ಕೊಳವೆ ಉಂಟು, ಕೂದಲಿನಷ್ಟು ಸಪೂರ. ನೀರು ಅದರ ಗೋಡೆಯಿಂದ ಹಾಯ್ದು ಬರುದು, ಕ್ರಿಮಿ ಹೊರಗೇ ಉಳಿಯುದು. ಮಂಜಾದರೆ ಆ ಗೋಡೆ ಬಿರುಕು ಬಿಡ್ತದೆ. ಆಮೇಲೆ ಹೊಳೆಯ ನೀರು ಹಾಗೇ ಇಳೀತದೆ."

"ನೋಡಿದ್ರ ಗೊತ್ತಾಗಂಗಿಲ್ಲೇನ್ರಿ?"

"ಅದೇ ಪೆಟ್ಟು. ಕಣ್ಣಿಗೆ ಎಂತದೂ ಕಾಣುದಿಲ್ಲ. ನೀರು ಮೊದಲಿಗಿಂತ ಸರಾಗ ಬರ್ತದೆ, ಚಂದ ಆಯ್ತು ಅಂತ ಜನ ಕುಡೀತಾರೆ. ಒದ್ದೆ ಇರುವಾಗ ಬಾಯಿ ಹಾಕಿ ಊದಿ ನೋಡ್ಬೇಕು. ಗಾಳಿ ದಾಟಬಾರದು. ದಾಟಿತೋ, ಬಿಸಾಡಿ."

ನನ್ನ ಕೈಯ ಬೀನ್ಸ್ ನೆಲಕ್ಕೆ ಬಿತ್ತು. ಅಕ್ಕಿ ಡಬ್ಬದ ಮೇಲೆ ಕೂತೆ. ಎದುರಿಗೇ ಫ್ರೀಜರು ಗುಂಯ್ ಎನ್ನುತ್ತಿತ್ತು, ಅದನ್ನು ನೋಡಲಿಕ್ಕೂ ಹೆದರಿಕೆಯಾಯಿತು. ಒಂದು ರಾತ್ರಿಯಿಡೀ. ಮಾಡಿದವಳು ನಾನು, ತುಂಬಿಸಿ ಕೊಟ್ಟವಳೂ ನಾನು.

ಮಗಳಿಗೆ ಫೋನ್ ಹಚ್ಚಿದೆ. ಸಂಪರ್ಕದ ಹೊರಗಿದ್ದಾರೆ ಎಂದು ಯಾವಳೋ ಮೂರು ಭಾಷೆಯಲ್ಲಿ ಹೇಳಿದಳು. ಹನ್ನೊಂದು ಸಲ ಹಚ್ಚಿದೆ, ಅದೇ. ಅವಳ ಗೆಳತಿ ಪ್ರಾರ್ಥನಾಳದ್ದೂ ಅದೇ. ಕಾಡಿನೊಳಗೆ ಸಿಗ್ನಲ್ ಇಲ್ಲ ಎಂದು ವಿಂಧ್ಯಾ ಮೊದಲೇ ಹೇಳಿದ್ದಳು, ಅದಕ್ಕೇ ಕ್ಯಾಂಪಿನ ಹತ್ತಿರದ ಚೆಕ್‌ಪೋಸ್ಟಿನ ಗಾರ್ಡ್ ಗಾಮಿತ್ ಎನ್ನುವವರ ನಂಬರು ಬರೆದು ಗಲ್ಲಾದ ಮೇಲಿನ ಕೃಷ್ಣನ ಫೋಟೋಕ್ಕೆ ಸಿಕ್ಕಿಸಿ ಹೋಗಿದ್ದಳು. ಇವರು ಅಜಯ್‌ನ ಜೊತೆ ಬೀದಿಗಿಳಿದಾಗ ಆ ಚೀಟಿ ತೆಗೆದುಕೊಂಡು ಹಿತ್ತಿಲಿಗೆ ಹೋದೆ.

ಇವರಿಗೆ ಯಾಕೆ ಹೇಳಲಿಲ್ಲ ಎಂದರೆ, ಬೈಯುವ ಗಂಡನಾಗಿದ್ದರೆ ಹೇಳುತ್ತಿದ್ದೆ. ಇವರು ಬೈಯುವುದಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಾರೆ. ಆಸ್ಪತ್ರೆಯಲ್ಲಿ ಇಪ್ಪತ್ತಮೂರು ದಿನ ಆ ಮುಖ ನೋಡಿದ್ದೇನೆ, ಮತ್ತೆ ನೋಡುವ ಧೈರ್ಯ ನನಗಿರಲಿಲ್ಲ. ಮೊದಲು ಮಗಳನ್ನು ತಡೆಯೋಣ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಗಾಮಿತ್‌ಭಾಯ್ ನಾಲ್ಕನೆಯ ಸಲಕ್ಕೆ ಸಿಕ್ಕಿದರು. ಗಾಳಿಯ ಸದ್ದು, ನಡುನಡುವೆ ಮಾತು ಕತ್ತರಿಸಿ ಹೋಗುತ್ತಿತ್ತು. ಸೂರತ್ತಿನ ಐದು ಮಂದಿ ಬಂದಿದ್ದಾರೆ, ಹೊಳೆಯಂಚಿಗೆ ಡೇರೆ ಹಾಕುತ್ತಿದ್ದಾರೆ ಎಂದರು. ಅವರಲ್ಲಿ ವಿಂಧ್ಯಾ ಎನ್ನುವ ಹುಡುಗಿಗೆ ಈಗಿಂದೀಗ ಹೋಗಿ ಹೇಳಿ, ಅವಳ ಅಮ್ಮ ಹೇಳಿದ್ದಾಳೆಂದು ಹೇಳಿ ಎಂದೆ. ಫಿಲ್ಟರಿನ ನೀರು ಕುಡಿಯುವುದು ಬೇಡ ಎನ್ನುವ ಮಾತನ್ನು ನನಗೆ ಬರುವ ಗುಜರಾತಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದೆ: "ಫಿಲ್ಟರ್ ನು ಪಾಣಿ ಪೀಜೋ ನಾ." ಮೂರು ಸಲ ಹೇಳಿದೆ. ಕೊನೆಯ ಸಲ ಅತ್ತೇ ಬಿಟ್ಟೆ.

"ಹಾ ಬೆನ್, ಸಮಜೀ ಗಯೋ," ಎಂದರು ಗಾಮಿತ್‌ಭಾಯ್. "ಚಿಂತಾ ನ ಕರೋ." ಅರ್ಥವಾಯಿತು ಅಕ್ಕಾ, ಚಿಂತೆ ಬೇಡ ಎಂದು.

ಒಳಗೆ ಬಂದು ಒಂದು ಚೊಂಬು ನೀರು ಗಟಗಟ ಕುಡಿದೆ. ಬೆಳಿಗ್ಗೆ ಜೀಪಿನಿಂದ ಇಳಿದ ಕೂಡಲೇ ಕುಡಿದಿದ್ದರೆ? ಮನೆಯಿಂದ ಒಯ್ದ ನೀರು ಆ ಹೊತ್ತಿಗೆ ಮುಗಿದಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಗಿರಾಕಿಗಳು ಹೇಳಿದರು, ನಾನು ಅವರ ಮೇಲೆಯೇ ಹಾರಿಬಿದ್ದೆ.

ಎರಡು ಗಂಟೆಗೆ ಗಾಮಿತ್‌ಭಾಯ್ ತಾವಾಗಿ ಫೋನ್ ಮಾಡಿದರು. ಸಿಗ್ನಲ್ಲಿಗೆಂದು ಗುಡ್ಡ ಹತ್ತಿ ಬಂದಿದ್ದರಂತೆ, ಏದುಸಿರು ಬಿಡುತ್ತಿದ್ದರು. ಒಳ್ಳೆಯ ಮನುಷ್ಯ. ನಿಮ್ಮ ಮಾತು ಹಾಗೇ ತಲುಪಿಸಿದ್ದೇನೆ ಬೆನ್, ಇನ್ನು ನಿಶ್ಚಿಂತೆಯಿಂದಿರಿ ಎಂದರು. ಆಮೇಲೆ ಸಂತೋಷದಿಂದ ಸೇರಿಸಿದರು: ಈಗ ಐದೂ ಮಂದಿ ಫಿಲ್ಟರಿನ ನೀರನ್ನೇ ಕುಡಿಯುತ್ತಿದ್ದಾರೆ, ನಾನೇ ಕಣ್ಣಾರೆ ನೋಡಿ ಬಂದೆ.

ನಾನು ಏನು ಕೂಗಿದೆನೋ ಗೊತ್ತಿಲ್ಲ. ಕನ್ನಡದಲ್ಲೇ ಕೂಗಿರಬೇಕು. ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್. ನನ್ನ ಕೂಗಿಗೆ ಇವರು ಗಲ್ಲಾ ಬಿಟ್ಟು ಒಳಗೆ ಓಡಿಬಂದಿದ್ದರು.

"ಎಂತ ಆಯ್ತು?"

"ಫ್ರೀಜರಲ್ಲಿ ಇಟ್ಟದ್ದು ನಾನು," ಎಂದೆ. "ಅವಳ ಫಿಲ್ಟರ್. ಗುರುವಾರ ರಾತ್ರಿ. ಸೋಸುವ ಬಟ್ಟೆಯ ಒಟ್ಟಿಗೆ. ನನಗೆ ಗೊತ್ತಿರ್ಲಿಲ್ಲ ಮಾರಾಯ್ರೇ, ನನಗೆ ಗೊತ್ತಿರ್ಲಿಲ್ಲ."

ಇವರು ನನ್ನ ಮುಖ ನೋಡಿದರು. ನಾನು ಹೆದರಿದ್ದ ಅದೇ ನೋಟ. ಆಮೇಲೆ ಗೋಡೆಯ ಗಡಿಯಾರ ನೋಡಿ, "ಮೂರು ಹತ್ತಕ್ಕೆ ಗಾಡಿ ಉಂಟು. ಹೊರಡು," ಎಂದರು. ಎದುರು ಬಾಗಿಲ ಶಟರನ್ನು ಅರ್ಧ ಎಳೆದರು, ಒಳಗೆ ಇಬ್ಬರು ಗಿರಾಕಿಗಳು ಇನ್ನೂ ಮಜ್ಜಿಗೆ ಕುಡಿಯುತ್ತಿದ್ದರು.

ಭಾನುವಾರ ಸಂಜೆ ಮಕ್ಕಳೇ ಸೂರತ್ತಿಗೆ ಮರಳುವವರು, ಅಷ್ಟರವರೆಗೆ ಕಾಯಬಹುದಿತ್ತಲ್ಲ ಎಂದು ಆಮೇಲೆ ಎಷ್ಟೋ ಮಂದಿ ಕೇಳಿದರು. ಕೇಳುವವರಿಗೇನು. ಅಲ್ಲಿ ಮಗಳು ಒಂದೊಂದು ಲೋಟ ಕುಡಿಯುತ್ತಿದ್ದಾಳೆಂದು ಗೊತ್ತಿದ್ದು ಇಲ್ಲಿ ದೋಸೆ ಹುಯ್ಯಲಿಕ್ಕೆ ನನ್ನಿಂದಾಗುವುದಿಲ್ಲ. ಒಂದು ಲೋಟ ಕಡಿಮೆಯಾದರೂ ಅಷ್ಟೇ ಲಾಭ.

ಗಾಡಿಯಲ್ಲಿ ಕಾಲಿಡಲಿಕ್ಕೆ ಜಾಗವಿರಲಿಲ್ಲ. ಧುಳೇಟಿಗೆ ಊರಿಗೆ ಬಂದವರೆಲ್ಲ ಮರಳುತ್ತಿದ್ದರು, ಅವರ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ಇನ್ನೂ ಗುಲಾಬಿ ಬಣ್ಣ. ಇವರು ಬಾಗಿಲ ಹತ್ತಿರ ನಿಂತು ಗಾರ್ಡಿಗೆ, ಮಗಳಿಗೆ, ಮತ್ತೆ ಗಾರ್ಡಿಗೆ ಫೋನ್ ಹಚ್ಚುತ್ತಲೇ ಇದ್ದರು. ನಡಿಯಾದ್ ದಾಟಿದ ಮೇಲೆ ನನಗೆ ಕೂರಲು ಒಂದು ಮೂಲೆ ಸಿಕ್ಕಿತು. ನಾನು ಗಾಮಿತ್‌ಭಾಯಿಯನ್ನು ಬಾಯಿಗೆ ಬಂದ ಹಾಗೆ ಬೈಯಲು ಶುರುಮಾಡಿದೆ. ಹೇಳಿದ್ದೊಂದು, ಮಾಡಿದ್ದೊಂದು, ಕಿವಿಯಲ್ಲಿ ಏನು ತುಂಬಿಕೊಂಡಿದ್ದಾನೋ ಎಂದೆ. ಬೈದಷ್ಟು ಹೊತ್ತು ಹೆದರಿಕೆ ಸ್ವಲ್ಪ ದೂರ ನಿಲ್ಲುತ್ತಿತ್ತು.

"ನೀನು ಅವರಿಗೆ ಎಂತ ಹೇಳಿದ್ದು?" ಇವರು ಕೇಳಿದರು. "ಇದ್ದ ಹಾಗೇ ಹೇಳು."

"ಫಿಲ್ಟರ್ ನು ಪಾಣಿ ಪೀಜೋ ನಾ. ಮೂರು ಸಲ ಹೇಳಿದ್ದೇನೆ."

ಇವರು ಕಣ್ಣು ಮುಚ್ಚಿಕೊಂಡರು. ಗಲ್ಲಾದಲ್ಲಿ ಕೂತು ದಿನವಿಡೀ ಗಿರಾಕಿಗಳ ಜೊತೆ ಮಾತಾಡುವ ಇವರ ಗುಜರಾತಿ ಚೆನ್ನಾಗಿದೆ. ನನ್ನದು ತರಕಾರಿಯವಳ ಜೊತೆ, ಪಾತ್ರೆ ತೊಳೆಯುವವಳ ಜೊತೆ ಕಲಿತದ್ದು, ಶಬ್ದ ಅವರದು, ಜೋಡಣೆ ನಮ್ಮೂರಿನದು.

"ನಮ್ಮಲ್ಲಿ 'ಬೇಡ' ಅನ್ನುದು ಕೊನೆಗೆ ಬರ್ತದೆ," ಎಂದರು ನಿಧಾನಕ್ಕೆ. "ಕುಡಿಯುದು ಬೇಡ. ಇವರಲ್ಲಿ 'ನಾ' ಮೊದಲು ಬರ್ಬೇಕು. ನಾ ಪೀಶೋ ಅಂದ್ರೆ ಕುಡೀಬೇಡಿ. ನೀನು ಅದನ್ನು ತೆಗೆದು ಕೊನೆಗೆ ಹಾಕಿದ್ದಿ. ಪೀಜೋ ನಾ ಅಂದ್ರೆ, ಕುಡೀರಿ ಆಯ್ತಾ, ಮರೀಬೇಡಿ, ಅಂತ ಒತ್ತಾಯ ಮಾಡಿದ ಹಾಗೆ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮೂರು ಸಲ ಹೇಳಿದ್ದೆ. ಅಳುತ್ತಾ, ಕುಡಿಯಿರಿ ಕುಡಿಯಿರಿ ಎಂದು ನಾನೇ ಬೇಡಿಕೊಂಡಿದ್ದೆ. ಆ ಮನುಷ್ಯ ಒಬ್ಬ ತಾಯಿಯ ಮಾತೆಂದು ಬಿಸಿಲಿನಲ್ಲಿ ಓಡಿಹೋಗಿ ಅದನ್ನೇ ತಲುಪಿಸಿದ್ದಾರೆ. ಯಾವ ತಾಯಿ ತಾನೇ ಸೋಸಿದ ನೀರು ಕುಡಿಯಬೇಡ ಎಂದು ಹೇಳಿಕಳಿಸುತ್ತಾಳೆ? ಇನ್ನು ಬೈಯಲಿಕ್ಕೆ ನನಗೆ ಯಾರೂ ಉಳಿದಿರಲಿಲ್ಲ.

ವಡೋದರಾ ಬಂತು. ಎಂಟು ನಿಮಿಷ ಗಾಡಿ ನಿಂತಿತು. ಆ ಪ್ಲಾಟ್‌ಫಾರ್ಮಿನಲ್ಲಿ ಮಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದದ್ದು ನೆನಪಾಯಿತು, ಮೂವತ್ತೆಂಟು ಕಿಲೋ ಆಗಿದ್ದಳು, ಹೊಟ್ಟೆಯ ಹೊಲಿಗೆಗೆ ಕೈ ಒತ್ತಿಕೊಂಡು ನಗಲು ನೋಡುತ್ತಿದ್ದಳು. ಇವರು ನನಗೆ ಚಹಾ ತಂದುಕೊಟ್ಟರು. ನಾನು ಕುಡಿಯಲಿಲ್ಲ, ಹಿಡಿದುಕೊಂಡು ಕೂತೆ. ಗಾಡಿ ಹೊರಟ ಮೇಲೆ ಇವರು ಎದುರಿನವರಿಗೆ ಕಾಣದ ಹಾಗೆ ನನ್ನ ಸೆರಗಿನ ತುದಿಯನ್ನು ತಮ್ಮ ಬೆರಳಿಗೆ ಸುತ್ತಿಕೊಂಡರು.

ಸೂರತ್ತಿನಲ್ಲಿ ನನ್ನ ತಮ್ಮ ಪ್ರವೀಣ್ ಕಾರು ತಂದು ಕಾಯುತ್ತಿದ್ದ. ಅವನೂ ಹಜೀರಾದವನೇ, ಕಂಪನಿಯ ಕಾಲೊನಿಯಲ್ಲಿ ಮನೆ. ಕತ್ತಲಾದ ಮೇಲೆ ಕಾಡಿನ ಗೇಟು ತೆಗೆಯುವುದಿಲ್ಲ, ಈಗ ಹೋಗಿ ಪ್ರಯೋಜನವಿಲ್ಲ ಎಂದ. ಅವನ ಮನೆಯಲ್ಲಿ ಬೆಳಗಾಗುವುದನ್ನು ಕಾದೆವು. ನಸುಕಿಗೆ ಹೊರಟು ವ್ಯಾರಾ ದಾಟಿ, ತೇಗದ ಒಣಗಿದ ಎಲೆ ರಸ್ತೆಯ ತುಂಬ ಬಿದ್ದಿದ್ದ ಘಾಟಿ ಹತ್ತಿ, ಗೇಟು ತೆರೆಯುವ ಹೊತ್ತಿಗೆ ಮುಟ್ಟಿದೆವು. ಗಾಮಿತ್‌ಭಾಯ್ ಅಲ್ಲೇ ಇದ್ದರು. ಇವರು ವಿಷಯ ಹೇಳಿದ ಕೂಡಲೇ ಆ ಮನುಷ್ಯನ ಮುಖ ಕಪ್ಪಿಟ್ಟಿತು. ನಾನು ಕೈ ಮುಗಿದೆ. ಅವರು ನಮ್ಮ ಮುಂದೆ ಓಡುವ ಹಾಗೆ ನಡೆದರು.

ಹೊಳೆ ಎನ್ನಲಿಕ್ಕೇನೂ ಇರಲಿಲ್ಲ. ಮಾರ್ಚಿನ ಬಿಸಿಲಿಗೆ ಹರಿವು ನಿಂತು ಬಂಡೆಗಳ ನಡುವೆ ಅಲ್ಲಲ್ಲಿ ಮಡು. ಮೇಲಿನ ಮಡುವಿನಲ್ಲಿ ಎಮ್ಮೆಗಳು ಮಲಗಿದ್ದವು, ಅದರ ನೀರೇ ಸೋರಿ ಕೆಳಗಿನ ಮಡುವಿಗೆ ಬರುತ್ತಿತ್ತು. ಕೆಳಗಿನ ಮಡುವಿನ ಪಕ್ಕದ ಮರಕ್ಕೆ ಇವರು ಹೊಲಿಸಿದ ಹಳದಿ ಚೀಲ ತೂಗುತ್ತಿತ್ತು. ಅದರ ಕೆಳಗೆ ವಿಂಧ್ಯಾ ಕಲ್ಲಿನ ಮೇಲೆ ಕೂತು ಬಾಟಲಿಯ ಬಿರಡೆ ತಿರುಗಿಸುತ್ತಿದ್ದಳು.

"ಮಮ್ಮಿ? ಪಪ್ಪಾ? ನೀವು ಇಲ್ಲಿ ಹೇಗೆ?"

"ಕುಡೀಬೇಡ," ಎಂದೆ. "ಅದು ಕೆಟ್ಟಿದೆ. ನನ್ನಿಂದ ಕೆಟ್ಟದ್ದು. ಫ್ರೀಜರಲ್ಲಿಟ್ಟೆ."

ಅವಳಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಅಪ್ಪನ ಮಗಳು. ಬಾಟಲಿ ಹಿಡಿದ ಕೈ ತೊಡೆಯ ಮೇಲೆ ಇಳಿಯಿತು.

"ನನಗೆ ನಿನ್ನೆನೇ ಡೌಟ್ ಬಂದಿತ್ತು," ಎಂದಳು. ಅವಳ ಕನ್ನಡ ಯಾವಾಗಲೂ ಹುಡುಕಿ ಹುಡುಕಿ ಬರುವಂಥದು. "ಪಾಣಿ ತುಂಬಾ ಫಾಸ್ಟ್ ಬರ್ತಾ ಇತ್ತು. ಪಪ್ಪಾ ಫೋರ್ ಮಿನಿಟ್ಸ್ ಬರೆದಿದ್ದು, ಇದು ಟೂ ಮಿನಿಟ್ಸಲ್ಲೇ ಫುಲ್ ಆಯ್ತು. ಅದಕ್ಕೆ ನಾವು ಯಾರೂ ಕುಡೀಲಿಲ್ಲ, ಗ್ಯಾಸಲ್ಲಿ ಕುದಿಸಿದ್ವಿ. ಎಲ್ಲಾ ಪಾಣಿ ಕುದಿಸಿದ್ವಿ." ಗಾರ್ಡಿನ ಕಡೆ ನೋಡಿದಳು. "ಆಮೇಲೆ ಗಾರ್ಡ್ ಅಂಕಲ್ ಬಂದ್ರು. ನೀನು ಅಳ್ತಾ ಹೇಳಿದ್ದೀ ಅಂದ್ರು, ಫಿಲ್ಟರ್ ಪಾಣಿನೇ ಕುಡೀಬೇಕು ಅಂತ. ನೀನು ಹೇಳಿದ್ದಕ್ಕೆ ಕುಡಿದೆ, ಮಮ್ಮಿ."

ಇವರು ನಳಿಗೆಯಿಂದ ಫಿಲ್ಟರನ್ನು ಕಳಚಿದರು. ಒಂದು ತುದಿಯನ್ನು ಮಡುವಿನ ನೀರಿನಲ್ಲಿ ಮುಳುಗಿಸಿ, ಇನ್ನೊಂದಕ್ಕೆ ಬಾಯಿ ಹಾಕಿ ಊದಿದರು. ಬುಳುಬುಳು ಎಂದು ಗುಳ್ಳೆ ಎದ್ದವು. ಊದುವುದು ನಿಲ್ಲಿಸಿದರು, ಮತ್ತೆ ಊದಿದರು, ಮತ್ತೆ ಗುಳ್ಳೆ. ಡೇರೆಯಿಂದ ಬಂದು ಸುತ್ತ ನಿಂತಿದ್ದ ಅವಳ ನಾಲ್ವರು ಗೆಳೆಯರೂ ನೋಡಿದರು. ಪ್ರಾರ್ಥನಾ ಎನ್ನುವ ಹುಡುಗಿ ಅಳಲು ಶುರುಮಾಡಿದಳು. ವಿಂಧ್ಯಾ ಅಳಲಿಲ್ಲ. ಅವಳ ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು, ಹೊಲಿಗೆಯ ಗುರುತಿನ ಮೇಲೆ, ಅಲ್ಲೇ ಒತ್ತಿ ಹಿಡಿದುಕೊಂಡಳು. ನನ್ನ ಮಗಳು ಹೆದರಿದ್ದನ್ನು ನಾನು ಆಸ್ಪತ್ರೆಯಲ್ಲೂ ಹಾಗೆ ನೋಡಿರಲಿಲ್ಲ.

ಎಲ್ಲ ನೀರನ್ನೂ ಅನುಮಾನಿಸುವ ಹುಡುಗಿ. ಇದನ್ನೂ ಅನುಮಾನಿಸಿದ್ದಳು, ತನ್ನಷ್ಟಕ್ಕೆ ತಾನೇ ಪಾರಾಗಿದ್ದಳು. ನನ್ನ ಮಾತೊಂದನ್ನು ಅನುಮಾನಿಸಲಿಲ್ಲ.

ಆಗ ನನ್ನ ತಲೆ ಸರಿಯಿರಲಿಲ್ಲ ಎಂದು ಪ್ರವೀಣ್ ಹೇಳುತ್ತಾನೆ. ಸರಿಯೇ ಇತ್ತು. ಅವಳ ತೊಡೆಯ ಮೇಲಿದ್ದ ಬಾಟಲಿ ತೆಗೆದುಕೊಂಡು ಬಾಯಿಗೆತ್ತಿದೆ. ತಣ್ಣಗಿತ್ತು, ರುಚಿಯೂ ಚೆನ್ನಾಗಿತ್ತು, ಎಮ್ಮೆಯದೂ ಇಲ್ಲ ಕೆಸರಿನದೂ ಇಲ್ಲ. ಅವಳ ಹೊಟ್ಟೆಯೊಳಗೆ ಏನು ಹೋಗಿದೆಯೋ ಅದು ನನ್ನದಕ್ಕೂ ಹೋಗಲಿ, ಅವಳೊಬ್ಬಳೇ ಕಾಯುವುದು ಬೇಡ ಎಂದಷ್ಟೇ ಇತ್ತು ನನ್ನ ಮನಸ್ಸಿನಲ್ಲಿ.

"ನಾ ಪೀಶ್," ಎಂದು ವಿಂಧ್ಯಾ ಎದ್ದು ನನ್ನ ಕೈ ಹಿಡಿದೆಳೆದಳು. ಗಾಬರಿಗೆ ಅವಳ ಬಾಯಿಂದ ಕನ್ನಡ ಹಾರಿಹೋಗಿತ್ತು. "ನಾ ಪೀಶ್, ಮಮ್ಮಿ, ನಾ ಪೀಶ್." ನಾ ಎನ್ನುವುದು ಮೊದಲೇ ಬಂತು, ಪ್ರತಿ ಸಲವೂ. ಅವಳು ಬಾಟಲಿ ಕಿತ್ತುಕೊಳ್ಳುವಷ್ಟರಲ್ಲಿ ಅರ್ಧ ಖಾಲಿಯಾಗಿತ್ತು.

ಇವತ್ತಿಗೆ ಹದಿನಾಲ್ಕು ದಿನ. ಆರನೆಯ ದಿನದಿಂದ ಮೂರು ವಾರದವರೆಗೆ ಯಾವಾಗ ಬೇಕಾದರೂ ಟೈಫಾಯ್ಡ್ ಬರಬಹುದು, ಬಾರದೆಯೂ ಇರಬಹುದು, ಜ್ವರ ಕಂಡ ಕೂಡಲೇ ಬನ್ನಿ ಎಂದು ಡಾಕ್ಟರು ಹೇಳಿದ್ದಾರೆ. ವಿಂಧ್ಯಾ ರಜೆ ಹಾಕಿ ಮಣಿನಗರದಲ್ಲೇ ಇದ್ದಾಳೆ. ಅವಳ ಗೆಳೆಯರಿಗೆ ದಿನಾ ಫೋನ್ ಮಾಡಿ ಕೇಳುತ್ತೇವೆ, ಇಲ್ಲಿಯವರೆಗೆ ಯಾರಿಗೂ ಏನೂ ಆಗಿಲ್ಲ. ಇವರು ಕತ್ತರಿ ಮುಟ್ಟಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮಗಳು ನನ್ನ ಹಣೆ ಮುಟ್ಟುತ್ತಾಳೆ, ನಾನು ಅವಳದು ಮುಟ್ಟುತ್ತೇನೆ, ಆಮೇಲೆ ಕಾಫಿ. ಇವತ್ತೂ ಮುಟ್ಟಿದೆ. ಬಿಸಿಯಿತ್ತು. ಬಿಸಿಯಿದ್ದದ್ದು ಅವಳ ಹಣೆಯೋ ನನ್ನ ಕೈಯೋ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಾಗಲಿಲ್ಲ, ಅವಳ ಕೈ ನನ್ನ ಹಣೆಯ ಮೇಲೆಯೇ ಇತ್ತು. ಇವರು ಒಳಗಿನಿಂದ ಥರ್ಮಾಮೀಟರ್ ತರುವವರೆಗೆ ನಾವಿಬ್ಬರೂ ಕೈ ತೆಗೆಯದೆ ಹಾಗೇ ಕೂತಿದ್ದೆವು.